ಬೆಟ್ಟ ಎಲ್ಲಿಂದ ಶುರುವಾಗುತ್ತದೆ

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ? ಮನೆಯಲ್ಲಿ ಸಾವಾಗಿ ಇನ್ನೂ ವರ್ಷ ತುಂಬಿಲ್ಲ. ವರ್ಷ ತುಂಬುವವರೆಗೂ ಬೆಟ್ಟ ಹತ್ತಬಾರದು ಅಂತ ಹಿರಿಯರು ಹೇಳಿದ್ದಾರೆ, ನೀವೂ ಒಪ್ಪಿಕೊಂಡಿದ್ದೀರಿ. ಆದರೂ ಗೊತ್ತೇ ಆಗದ ಹಾಗೆ ಬೆಟ್ಟದ ನೆತ್ತಿ ಮೇಲೆ ಹೋಗಿ ನಿಂತಿದ್ದೀರಿ. ಆಗಿದೆಯಾ? ತಮಾಷೆಗೆ ಕೇಳುತ್ತಿಲ್ಲ. ನನಗೆ ಉತ್ತರ ಬೇಕು. ಯಾಕೆ ಬೇಕು ಅನ್ನುವುದು ಕೊನೆಯಲ್ಲಿದೆ, ಮೊದಲು ನಡೆದದ್ದು ಓದಿ. ಫೋಟೋ ಹಾಕು ಅಂತ ಕಾಮೆಂಟ್ ಮಾಡಬೇಡಿ. ಆವತ್ತು ಒಂದೂ ಫೋಟೋ ತೆಗೆಯಲಿಲ್ಲ.

ನನ್ನ ಅಣ್ಣ ತೀರಿಕೊಂಡದ್ದು ಕಳೆದ ದೀಪಾವಳಿ ಮುಗಿದ ವಾರ. ಸರ್ಕಾರಿ ಜೀಪಿನ ಡ್ರೈವರ್ ಆಗಿದ್ದವನು. ಜೀವಮಾನವೆಲ್ಲ ಸಾಹೇಬರನ್ನು, ಸಾಹೇಬರ ಹೆಂಡತಿಯರನ್ನು, ಅವರ ಮನೆಗೆ ಬಂದ ನೆಂಟರನ್ನು ಕೂರಿಸಿಕೊಂಡು ಸುತ್ತಿದ. ಸ್ವಂತ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದು ಟಿ. ನರಸೀಪುರದ ಅವಳ ತವರಿಗೆ, ಅದೂ ಬಸ್ಸಿನಲ್ಲಿ, ಅವಳು ಮುಂದಿನ ಸೀಟಿನಲ್ಲಿ, ಅವನು ಹಿಂದೆ ನಿಂತುಕೊಂಡು. ರಿಟೈರಾದ ಮೇಲೆ ಒಂದು ಹಳೇ ಕಾರು ಕೊಂಡ. ಬೂದು ಬಣ್ಣದ ಪುಟ್ಟ ಕಾರು. ಸೀಟಿಗೆಲ್ಲ ಹೊಸ ಕವರ್ ಹಾಕಿಸಿದ. ಅದರ ಮೇಲಿನ ಪ್ಲಾಸ್ಟಿಕ್ ಮಾತ್ರ ಕೀಳಲಿಲ್ಲ.

"ಮೊದ್ಲು ಒಂದ್ ಲಾಂಗ್ ಓಗ್ಬರವ, ಆಮೇಲೆ ಕಿತ್ರಾಯ್ತು," ಅಂತಿದ್ದ.

ಲಾಂಗ್ ಅಂದರೆ ಬಿಳಿಗಿರಿರಂಗನ ಬೆಟ್ಟದ ಮೇಲಿನ ಹುಲ್ಲುಗಾವಲು. ಅತ್ತಿಗೆಗೆ ಅದನ್ನು ಎಷ್ಟು ವರ್ಷದಿಂದ ಹೇಳಿಕೊಂಡು ಬಂದಿದ್ದನೋ. ಕಾಡು ಇದ್ದಕ್ಕಿದ್ದ ಹಾಗೆ ನಿಂತುಹೋಗುತ್ತದಂತೆ, ಆಮೇಲೆ ಬರೀ ಹುಲ್ಲಂತೆ, ಗುಡ್ಡಗುಡ್ಡವೇ ಮಲಗಿದ ಹಸುವಿನ ಬೆನ್ನಿನ ಹಾಗೆ ಕಾಣುತ್ತದಂತೆ. ಗಾಡಿ ಆಫ್ ಮಾಡಿ ಕೂತರೆ ಹುಲ್ಲು ಮೇಯುವ ಸದ್ದೂ ಕೇಳುತ್ತದಂತೆ, ಮೇಯುವ ಪ್ರಾಣಿ ಮಾತ್ರ ಕಾಣುವುದಿಲ್ಲವಂತೆ. ಕಾರು ಬಂತು. ಇವತ್ತು ಹೋಗೋಣ, ನಾಳೆ ಹೋಗೋಣ, ಮಳೆ ನಿಲ್ಲಲಿ, ರಾಗಿ ಕಟಾವಾಗಲಿ ಅಂತ ಮುಂದಕ್ಕೆ ಹೋಯಿತು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಜಗಲಿ ಮೇಲೆ ಕೂತವನು ಏಳಲಿಲ್ಲ. ಟಿ. ನರಸೀಪುರದ ಸಂಗಮದಲ್ಲಿ ಬೂದಿ ಬಿಟ್ಟೆವು. ತಿಥಿಯ ದಿನ ಅವನ ದಾರಿಗೆ ಅಂತ ಛತ್ರಿ ಮತ್ತು ಹೊಸ ಚಪ್ಪಲಿ ದಾನ ಕೊಟ್ಟೆವು. ಚಪ್ಪಲಿ ಆರಿಸಿದ್ದು ನಮ್ಮವ್ವ. "ಪಾದ ಅಗಲ ಕಣಪ್ಪ ನಮ್ಮುಡುಗಂದು, ಒಂದ್ ನಂಬರ್ ದೊಡ್ಡುದ್ ಕೊಡು," ಅಂತ ಅಂಗಡಿಯವನ ಹತ್ತಿರ ಹೇಳಿದ್ದಳು. ಅಣ್ಣನಿಗೆ ಅರವತ್ತು ದಾಟಿತ್ತು.

ನಂಜನಗೂಡಿನ ಪಕ್ಕದ ಆ ಮನೆಯಲ್ಲಿ ಈಗ ಅವ್ವ, ಅತ್ತಿಗೆ ಇಬ್ಬರೇ. ಇಬ್ಬರಿಗೂ ಕಾರು ಓಡಿಸಲು ಬರುವುದಿಲ್ಲ. ಹೊಂಗೆಮರದ ಕೆಳಗೆ ಟಾರ್ಪಾಲ್ ಹೊದ್ದುಕೊಂಡು ನಿಂತೇ ಇತ್ತು. ಬಾನೆಟ್ ಮೇಲೆ ಕೋಳಿ ಕೂರುತ್ತಿತ್ತು. ಒಳಗೆ ಇಲಿ ಸೇರಿ ವೈರು ಕಡಿಯಲು ಶುರುಮಾಡಿದಾಗ ಮಾರುವುದು ಅಂತ ತೀರ್ಮಾನವಾಯಿತು. ಕವಲಂದೆಯ ಕಡೆಯವರೊಬ್ಬರು ನೋಡಿ ಒಪ್ಪಿಕೊಂಡರು. ಸೋಮವಾರ ಬಂದು ತೆಗೆದುಕೊಂಡು ಹೋಗುತ್ತೇವೆ ಅಂದರು.

ಆ ವಾರ ಅತ್ತಿಗೆ ನನಗೆ ಫೋನ್ ಮಾಡಿದಳು. ಫೋನ್ ಮಾಡುವವಳೇ ಅಲ್ಲ. ನಾನು ಟಿ. ನರಸೀಪುರದಲ್ಲಿ ವಿಮೆ ಏಜೆಂಟು, ಹಳ್ಳಿಹಳ್ಳಿಗೆ ನನ್ನ ಗಾಡಿ ನಾನೇ ಓಡಿಸಿಕೊಂಡು ಹೋಗುವವಳು. "ನಾಳೆ ನೀವಿಲ್ಲದಿದ್ದರೆ" ಅಂತ ಮುಖಕ್ಕೆ ಹೊಡೆದಂತೆ ಮಾತಾಡಿ ಅನ್ನ ತಿನ್ನುವವಳು.

"ಅಮ್ಮಿ," ಅಂದಳು ಅತ್ತಿಗೆ, "ಕಾರ್ ಓಗದ್ರೊಳ್ಗೆ ಒಂದ್ಸಲ ಆ ಉಲ್ಲು ತೋರಿಸ್ಕಂಡ್ ಬತ್ತೀಯಾ?"

ಅಣ್ಣ ಹೋದ ಮೇಲೆ ಅವಳು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು.

ಭಾನುವಾರ ಬೆಳಿಗ್ಗೆ ಹೋದೆ. ಅವ್ವ ಅಂಗಳದಲ್ಲಿ ಮೊರ ಇಟ್ಟುಕೊಂಡು ಹುರುಳಿಕಾಳು ಆರಿಸುತ್ತಿದ್ದಳು. ಸುದ್ದಿ ಅದಾಗಲೇ ಅವಳ ಕಿವಿಗೆ ಬಿದ್ದಿತ್ತು.

"ಬೆಟ್ಟಕ್ಕಾ?" ಅಂದಳು, ತಲೆ ಎತ್ತದೆ. "ಬೂದಿ ಇನ್ನೂ ಆರಿಲ್ಲ, ವರ್ಸ ತುಂಬಿಲ್ಲ, ಬೆಟ್ಟಕ್ಕೆ ಒಂಟವ್ರೆ ಅತ್ತೆ ಮನೆಗೆ ಒಂಟಂಗೆ."

"ದೇವಸ್ಥಾನಕ್ಕೆ ಹೋಗಲ್ಲ ಕಣವ್ವ. ಹುಲ್ಲು ನೋಡ್ಕೊಂಡು ಬರೋದು ಅಷ್ಟೇ."

"ದೇವಸ್ತಾನ ಬ್ಯಾರೆ ಬೆಟ್ಟ ಬ್ಯಾರೆನಾ? ಬೆಟ್ಟನೇ ದೇವ್ರು. ಓದ್ಕಂಡಿದೀಯ, ಅಷ್ಟ್ ಗೊತ್ತಾಗಲ್ವಾ?"

ಆಮೇಲೆ ಅವ್ವ ಕಾರಣ ಹೇಳಿದಳು. ನಾನು ಅದನ್ನು ಮೊದಲು ಕೇಳಿರಲಿಲ್ಲ. ಬೆಟ್ಟ ಹತ್ತಬಾರದು ಅಂತ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಹೋದವನು ಒಂದು ವರ್ಷ ಪೂರ್ತಿ ನಡೆಯುತ್ತಲೇ ಇರುತ್ತಾನಂತೆ. ವರ್ಷದ ಕೊನೆಗೆ ಒಂದು ಬೆಟ್ಟ ಹತ್ತಿ ಆಚೆ ಕಡೆಗೆ ಇಳಿಯಬೇಕಂತೆ. ಅಷ್ಟರೊಳಗೆ ಮನೆಯವರು ಯಾವುದಾದರೂ ಬೆಟ್ಟ ಹತ್ತಿದರೆ ಅವನಿಗೆ ಗೊತ್ತಾಗುತ್ತದಂತೆ.

"ನಮ್ಮೋರು ಮೇಲವ್ರೆ ಅಂತ ತಿರುಗ್ ನೋಡ್ತಾನೆ. ನಡ್ಯೋನು ನಿಂತ್ಬುಡ್ತಾನೆ. ಆಮೇಲೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ." ಅವ್ವ ಮೊರದಿಂದ ಒಂದು ಕಲ್ಲು ಹೆಕ್ಕಿ ದೂರ ಎಸೆದಳು. "ಅರ್ಧ ದಾರೀಲಿ ನಿಲ್ಸಾಕೆ ನಾನು ಅವುನ್ನ ಎತ್ತು ಸಾಕಿಲ್ಲ."

ಇದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ಅವ್ವನಿಗೆ ಅವಳ ಅತ್ತೆ ಹೇಳಿದ್ದಂತೆ. ಮಗನನ್ನು ಕಳೆದುಕೊಂಡವಳ ಜೊತೆ ಶಾಸ್ತ್ರ ಹಿಡಿದು ವಾದ ಮಾಡಲು ನನಗಂತೂ ಬಾಯಿ ಬರಲಿಲ್ಲ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಸೀರೆ ಉಟ್ಟು ರೆಡಿಯಾಗಿದ್ದಳು, ಬುತ್ತಿಯ ಚೀಲ ಕೈಯಲ್ಲೇ ಇತ್ತು.

"ಬೆಟ್ಟ ಅತ್ತಲ್ಲ ಅತ್ತೆ," ಅಂದಳು ಮೆಲ್ಲಗೆ. "ಬುಡದವರ್ಗೂ ಓಗಿ, ಅಲ್ಲಿಂದ ಏನ್ ಕಾಣ್ತದೋ ನೋಡ್ಕಂಡು ಬಂದ್ಬುಡ್ತೀನಿ."

ಅವ್ವ ಅವಳನ್ನೂ ನನ್ನನ್ನೂ ಒಂದು ಸಲ ನೋಡಿದಳು. ಮೊರ ಪಕ್ಕಕ್ಕಿಟ್ಟು ಮಂಡಿ ಹಿಡಿದುಕೊಂಡು ಎದ್ದಳು.

"ನಾನೂ ಬತ್ತೀನಿ. ನಿಮ್ಮಿಬ್ರುನ್ನೂ ನಂಬಾಕಾಗಲ್ಲ."

ಹೀಗೆ ಕಾವಲು ಕಾಯಲು ಅವ್ವ ಹಿಂದಿನ ಸೀಟಿನಲ್ಲಿ ಕೂತಳು. ಪ್ಲಾಸ್ಟಿಕ್ ಪರಪರ ಅಂತು. "ಥೂ, ಬೆವರ್ತದೆ ಇದು, ಕಿತ್ತಾಕ್ರಮ್ಮಿ," ಅಂದಳು. ಅತ್ತಿಗೆ ಕೇಳಿಸಿಕೊಳ್ಳದ ಹಾಗೆ ಮುಂದೆ ಕೂತಳು.

ನಾನು ಸ್ಟೀರಿಂಗ್ ಮುಂದೆ ಕೂತರೆ ಕಾಲೇ ಎಟುಕುತ್ತಿಲ್ಲ. ಅಣ್ಣ ಆರಡಿ ಆಳು, ಸೀಟು ಪೂರ್ತಿ ಹಿಂದಕ್ಕಿತ್ತು. ಮುಂದಕ್ಕೆ ಎಳೆಯಲು ಸೀಟಿನ ಅಡಿಗೆ ಕೈ ಹಾಕಿದೆ. ಅತ್ತಿಗೆ ನನ್ನ ಮೊಣಕೈ ಹಿಡಿದುಕೊಂಡಳು.

"ಅದುನ್ನ ಅಲ್ಲಾಡಿಸ್ಬ್ಯಾಡ ಕಣಮ್ಮಿ. ಎಷ್ಟಿತ್ತೋ ಅಷ್ಟುಕ್ಕೇ ತಿರುಗಾ ಬರಲ್ಲ ಅದು."

ಇಳಿದು ಒಳಗೆ ಹೋಗಿ ಎರಡು ದಿಂಬು ತಂದಳು. ಒಂದನ್ನು ನನ್ನ ಬೆನ್ನಿಗೆ, ಒಂದನ್ನು ಸೊಂಟಕ್ಕೆ ಒತ್ತಿದಳು. ಬಾಣಂತಿ ಕೂತ ಹಾಗೆ ಕೂತುಕೊಂಡು ಆ ಕಾರು ಓಡಿಸಿದೆ. ಬೆನ್ನು ಇವತ್ತಿಗೂ ನೋಯುತ್ತದೆ.

ಬದನವಾಳು ದಾಟಿದೆವು. ಕವಲಂದೆಯಲ್ಲಿ ಸಂತೆಮಾಳದ ಹತ್ತಿರ ನಿಧಾನ ಮಾಡಿದಾಗ ಅತ್ತಿಗೆ ಕಿಟಕಿಯಿಂದ ಅಂಗಡಿಗಳನ್ನು, ಮನೆಗಳನ್ನು ಒಂದೊಂದಾಗಿ ನೋಡಿದಳು.

"ನಾಳಿಂದ ಇಲ್ಲೇ ಇರ್ತದಾ ಇದು?" ಅಂದಳು.

"ಇಲ್ಲೇ ಪಕ್ಕದ ಹಳ್ಳಿ ಅತ್ತಿಗೆ."

"ನೆಳ್ಳಲ್ಲಿ ನಿಲ್ಲಿಸ್ತಾರಂತಾ?"

ಕಾರಿನ ಬಗ್ಗೆಯೇ ಕೇಳುತ್ತಿದ್ದಾಳೆ ಅಂದುಕೊಂಡು ಹೂಂ ಅಂದೆ.

ಈಗ ದಾರಿಯ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ಆದದ್ದು ಅದರಿಂದಲೇ. ಬಿಳಿಗಿರಿರಂಗನ ಬೆಟ್ಟಕ್ಕೆ ನಮ್ಮ ಕಡೆಯವರು ಹೋಗುವುದು ಯಳಂದೂರಿನ ಮೇಲೆ. ಅಲ್ಲಿ ಬೆಟ್ಟ ಎದುರಿಗೇ ಗೋಡೆಯ ಹಾಗೆ ನಿಂತಿರುತ್ತದೆ. ಬಸ್ಸು ಒಂದನೇ ಗೇರಿಗೆ ಬಿದ್ದು ನರಳುತ್ತದೆ, ತಿರುವಿನ ಮೇಲೆ ತಿರುವು ಬರುತ್ತದೆ, ಯಾರಾದರೊಬ್ಬರು ಕಿಟಕಿಯಿಂದಾಚೆ ವಾಂತಿ ಮಾಡುತ್ತಾರೆ. ಕಣ್ಣು ಮುಚ್ಚಿಕೊಂಡು ಕೂತವರಿಗೂ ಬುಡ ಯಾವುದು, ಬೆಟ್ಟ ಯಾವುದು ಗೊತ್ತಾಗುತ್ತದೆ. ಅವ್ವನೂ ನಾನೂ ನೋಡಿದ್ದು ಆ ದಾರಿಯನ್ನೇ. ಆದರೆ ಅಣ್ಣ ಹೋಗುತ್ತಿದ್ದದ್ದು ಚಾಮರಾಜನಗರದ ಕಡೆಯಿಂದ, ಕಾಡಿನೊಳಗಿನ ಹಿಂದಿನ ದಾರಿಯಲ್ಲಿ. ಅತ್ತಿಗೆ ಕೇಳಿದ್ದು ಅದನ್ನೇ, "ನಿಮ್ಮಣ್ಣ ಓದ್ ದಾರೀಲೇ ಓಗು" ಅಂತ. ಹೇಗೂ ತಿರುವು ಶುರುವಾದ ತಕ್ಷಣ ನಿಲ್ಲಿಸಿದರಾಯಿತು ಅಂದುಕೊಂಡೆ.

ಚೆಕ್‌ಪೋಸ್ಟಿನಲ್ಲಿ ಗಾರ್ಡು ಗಾಡಿ ನಂಬರ್ ಬರೆದುಕೊಂಡ.

"ಎಲ್ಲೂ ನಿಲ್ಲಿಸಂಗಿಲ್ಲ, ಇಳಿಯಂಗಿಲ್ಲ ಮೇಡಂ. ಹಾರ್ನ್ ಹೊಡೀಬೇಡಿ. ಕಸ ಎಸೀಬೇಡಿ. ದೇವಸ್ಥಾನಕ್ಕಾ?"

ಹಿಂದಿನಿಂದ ಅವ್ವ ಗಾಜು ಇಳಿಸಿಕೊಂಡಳು. "ದೇವ್ರಿಗಲ್ಲ ಕಣಪ್ಪ. ನಾವು ಬೆಟ್ಟ ಅತ್ತಂಗಿಲ್ಲ, ಸೂತಕ. ಇಲ್ಲಿಂದ ಬೆಟ್ಟನಾ?"

"ಇಲ್ಲಿಂದ ಕಾಡು ಅಜ್ಜಿ."

"ಕಾಡ್ ಇದ್ರೆ ಇರ್ಲಿ. ಬೆಟ್ಟ ಅಲ್ವಲ್ಲ?"

ಅವನಿಗೆ ನಗು ಬಂತು. ಹಿಂದೆ ಇನ್ನೆರಡು ಗಾಡಿ ನಿಂತಿದ್ದವು. "ಕಾಡು ಅಜ್ಜಿ, ಕಾಡು. ಹೋಗಿ ಮೇಡಂ," ಅಂದು ಅಡ್ಡಗೋಲು ಎತ್ತಿದ.

ಅಂಥ ಸಲೀಸು ದಾರಿಯಲ್ಲಿ ನಾನು ಗಾಡಿ ಓಡಿಸಿಯೇ ಇಲ್ಲ. ಎರಡೂ ಕಡೆ ಒಣಗಿದ ಲಂಟಾನ ಪೊದೆ, ಎಲೆ ಉದುರಿದ ಮರಗಳು, ಆನೆ ಲದ್ದಿ, ಅಲ್ಲೊಂದು ಇಲ್ಲೊಂದು ಜಿಂಕೆ. ರಸ್ತೆ ಮೆತ್ತಗೆ ಬಲಕ್ಕೆ ಹೋಗುತ್ತದೆ, ಮೆತ್ತಗೆ ಎಡಕ್ಕೆ ಬರುತ್ತದೆ. ನಾನು ಎದುರಿಗೆ ಗೋಡೆ ಬರಲಿ ಅಂತ ಕಾಯುತ್ತಲೇ ಇದ್ದೇನೆ. ಬರಲಿಲ್ಲ. ಅವ್ವ ಸ್ವಲ್ಪ ಹೊತ್ತು "ಬಂತಾ? ಬುಡ ಬಂತಾ?" ಅಂತ ಕೇಳಿದಳು. "ಇಲ್ಲ ಕಣವ್ವ, ಇನ್ನೂ ಸಮ ಇದೆ" ಅಂದೆ. ಸುಳ್ಳು ಹೇಳಲಿಲ್ಲ, ನನಗೆ ಹಾಗೇ ಕಂಡಿತು. ಆಮೇಲೆ ಅವಳು ಪ್ಲಾಸ್ಟಿಕ್ಕಿಗೆ ಕೆನ್ನೆ ಅಂಟಿಸಿಕೊಂಡು ನಿದ್ದೆ ಹೋದಳು.

ಒಂದು ಕಡೆ ಅತ್ತಿಗೆ ಕಿವಿಗೆ ಬೆರಳು ಹಾಕಿ ಅಲುಗಾಡಿಸಿದಳು. "ಗುಂಯ್ ಅಂತದೆ," ಅಂದಳು. ಗಾಳಿ ತಣ್ಣಗಾಗಿತ್ತು. ಆಗಲೇ ಗೊತ್ತಾಗಬೇಕಿತ್ತು. ಕಾಡಲ್ಲವಾ, ತಂಪಿರುತ್ತದೆ ಅಂದುಕೊಂಡೆ.

ಆಮೇಲೆ ಮರಗಳು ನಿಂತುಹೋದವು. ಅಣ್ಣ ಹೇಳಿದ ಹಾಗೇ, ಯಾರೋ ಗೆರೆ ಎಳೆದ ಹಾಗೆ. ಎದುರಿಗೆ ಗುಡ್ಡಗಳು, ಗುಡ್ಡದ ತುಂಬ ಹುಲ್ಲು.

ಹಸಿರಿರಲಿಲ್ಲ. ಸೊಂಟದುದ್ದದ ಹುಲ್ಲು ಪೂರ್ತಿ ಒಣಗಿ, ಹಳೆಯ ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು. ಬೇಸಿಗೆಯ ಬೆಂಕಿ ದಾಟದಿರಲಿ ಅಂತ ಅರಣ್ಯ ಇಲಾಖೆಯವರು ಉದ್ದಕ್ಕೂ ಪಟ್ಟಿಪಟ್ಟಿಯಾಗಿ ಸುಟ್ಟಿದ್ದರು. ರಸ್ತೆಯ ಎರಡೂ ಪಕ್ಕ ಕರ್ರಗೆ ಬೂದಿ. ಮೋಡ ಮುಚ್ಚಿಕೊಂಡು ದೂರದ ಗುಡ್ಡಗಳು ಕಾಣುತ್ತಲೂ ಇರಲಿಲ್ಲ. ಸುಟ್ಟ ವಾಸನೆ ಕಾರಿನೊಳಗೆ ಬಂತು.

ಅತ್ತಿಗೆ ಮುಂದಕ್ಕೆ ಬಾಗಿ ಗಾಜಿಗೆ ಮುಖ ತಂದಳು, ಅಷ್ಟೇ.

ಬೂದಿಯ ಪಟ್ಟಿಯಲ್ಲಿ ಬೆಂಕಿ ಬಡಿಯುವ ಸೊಪ್ಪಿನ ಪೊರಕೆ ಹಿಡಿದ ಒಬ್ಬ ಕಾಡಿನ ವಾಚರ್ ಬರುತ್ತಿದ್ದ. ನಾನು ನಿಧಾನ ಮಾಡಿದ್ದಕ್ಕೆ ಹೋಗಿ ಹೋಗಿ ಅಂತ ಕೈ ಬೀಸಿದ. ಗಾಜು ಇಳಿಸಿ ಕೇಳಿದೆ:

"ಅಣ್ಣಾ, ಬೆಟ್ಟ ಎಲ್ಲಿಂದ ಶುರು?"

"ಯಾವ ಬೆಟ್ಟ?"

"ಇದೇ, ಬಿಳಿಗಿರಿರಂಗನ ಬೆಟ್ಟ. ಹತ್ತೋದು ಎಲ್ಲಿಂದ?"

ಅವನು ನನ್ನ ದಿಂಬುಗಳನ್ನು ನೋಡಿದ, ನನ್ನ ಮುಖ ನೋಡಿದ. "ಹತ್ತೋದಾ? ಹತ್ತಿ ಆಯ್ತು ಕಣಕ್ಕ. ಬೆಟ್ಟದ್ ಮೇಲೇ ಇದೀರಲ್ಲ ನೀವು."

ಹಿಂದೆ ಪ್ಲಾಸ್ಟಿಕ್ ಪರ್ ಅಂತು. ಅವ್ವನಿಗೆ ಎಚ್ಚರವಾಗಿತ್ತು.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಹೊರಗೆ ನೋಡಿದಳು, ಹುಲ್ಲು, ಬೂದಿ, ಮೋಡ. ಎರಡು ಕೈಯಲ್ಲೂ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡಳು. ಅದು ನನ್ನ ಸೀಟು, ಅಣ್ಣನ ಸೀಟು.

"ತಿರುಗ್ಸು," ಅಂದಳು. "ತಿರುಗ್ಸು ಮಗ. ನಿಂತ್ಬುಟ್ಟಾನು."

ವಾಚರ್‌ಗೆ ಏನೂ ಅರ್ಥವಾಗಲಿಲ್ಲ. "ಇಲ್ ತಿರುಗ್ಸಕಾಗಲ್ಲ ಕಣಜ್ಜಿ, ಚರಂಡಿಗಿಳೀತದೆ. ಇನ್ನೊಂಚೂರು ಮೇಲುಕ್ಕೋದ್ರೆ ಜಾಗ ಅದೆ," ಅಂದ.

ಇಳಿಯಬೇಕು ಅಂದರೆ ಇನ್ನೂ ಹತ್ತಬೇಕು! ಬೇರೆ ದಾರಿ ಇರಲಿಲ್ಲ. ಆ ಒಂಚೂರು ದೂರ ಅವ್ವ ಕಣ್ಣು ಮುಚ್ಚಿಕೊಂಡು, "ಇಲ್ಲ ಕಣಪ್ಪ, ಬತ್ತಾ ಇದೀವಿ, ಇಳೀತಾ ಇದೀವಿ, ನೀನ್ ನಡಿ, ನೀನ್ ನಡಿ ಮಗ," ಅಂತ ಅಣ್ಣನ ಹತ್ತಿರ ಮಾತಾಡುತ್ತಿದ್ದಳು. ಗಾಡಿ ಓಡಿಸುತ್ತಿದ್ದವಳಿಗೆ ರಸ್ತೆ ಮಂಜಾಯಿತು.

ಜಾಗ ಸಿಕ್ಕಿತು. ರಸ್ತೆಯ ಪಕ್ಕ ಅಗಲವಾದ ಬಯಲು, ಸುತ್ತ ಹುಲ್ಲು. ಕಾರು ತಿರುಗಿಸಿದೆ. ಮುಖ ಊರ ಕಡೆಗಾಯಿತು. ಆಗ ಅತ್ತಿಗೆ ಅಂದಳು:

"ಒಂದ್ ಗಳ್ಗೆ ಆಫ್ ಮಾಡು."

"ನಿಲ್ಲಿಸಂಗಿಲ್ಲ ಅಂದವ್ನೆ ಅತ್ತಿಗೆ."

"ಆಫ್ ಮಾಡಮ್ಮಿ."

ಮಾಡಿದೆ. ನೀವು ರೂಲ್ಸ್ ಹೇಳಬೇಡಿ, ನನಗೂ ಗೊತ್ತು. ಅತ್ತಿಗೆ ಬಾಗಿಲ ಹಿಡಿಗೆ ಕೈ ಹಾಕಿದಳು. ಅವ್ವ ಹಿಂದಿನಿಂದ ಅವಳ ಭುಜ ಹಿಡಿದಳು.

"ಇಳೀಬ್ಯಾಡ. ನಮ್ಮವ್ವ, ಇಳೀಬ್ಯಾಡ. ಕಾಲು ಊರ್ದೆ ಇದ್ರೆ ಅತ್ತಿದಂಗಲ್ಲ. ಚಕ್ರ ಅತ್ತಿರಾದು, ನಾವಲ್ಲ."

ಆ ಕ್ಷಣಕ್ಕೆ ಅವಳೇ ಮಾಡಿಕೊಂಡ ಕಾನೂನು ಅದು. ಅದನ್ನು ಹೇಳುವಾಗ ಅವ್ವನ ಧ್ವನಿಯಲ್ಲಿ ಎಂಥ ಆಸೆ ಇತ್ತು ಅಂದರೆ ನಾನು ತಕ್ಷಣ "ಹೌದು ಅತ್ತಿಗೆ, ಕಾಲು ಊರಬೇಡ" ಅಂದೆ. ಅತ್ತಿಗೆಯೂ ಒಪ್ಪಿದಳು, ಅರ್ಧ. ಬಾಗಿಲು ತೆಗೆದಳು, ಪಕ್ಕಕ್ಕೆ ತಿರುಗಿ ಕೂತು ಎರಡು ಕಾಲನ್ನೂ ಹೊರಗೆ ಇಳಿಬಿಟ್ಟಳು. ನೆಲಕ್ಕೆ ತಾಗಿಸಲಿಲ್ಲ. ಸೀರೆಯ ಅಂಚಿಗೆ ಒಣಹುಲ್ಲು ತಾಗುತ್ತಿತ್ತು. ಕೆರೆಯ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟವರ ಹಾಗೆ ಕೂತಿದ್ದಳು.

ಗಾಳಿ ಬಂದಾಗ ಹುಲ್ಲು ಕರಕರ ಅನ್ನುತ್ತಿತ್ತು. ಮೇಯುವ ಸದ್ದು ಅಂತ ಅಣ್ಣ ಹೇಳುತ್ತಿದ್ದದ್ದು ಇದನ್ನೇ ಇರಬೇಕು.

"ಇದೇನಾ ಅತ್ತಿಗೆ, ಅವನು ಹೇಳ್ತಿದ್ದುದು?" ಅಂದೆ.

"ಅವ್ರು ಹಸ್ರು ಅಂತಿದ್ರು."

"ಮಳೆಗಾಲದಲ್ಲಿ ಹಸಿರಿರ್ತದೆ. ಈಗ ಬೇಸಿಗೆ ಅಲ್ವಾ."

"ಮಳೆಗಾಲುಕ್ಕೆ ಕಾರ್ ಇರಲ್ವಲ್ಲ," ಅಂದಳು.

ನನ್ನ ಗಾಡಿ ಇದೆ, ಕರೆದುಕೊಂಡು ಬರುತ್ತೇನೆ ಅನ್ನಬಹುದಿತ್ತು. ಬಾಯಿಗೆ ಬಂತು. ಆದರೆ ಅವಳು ಕೇಳುತ್ತಿದ್ದದ್ದು ಗಾಡಿಯನ್ನಲ್ಲ.

ಅತ್ತಿಗೆ ಕಾಲು ಅಲ್ಲಾಡಿಸುತ್ತಿದ್ದಳು. ಎಡಗಾಲಿನ ಚಪ್ಪಲಿ ಜಾರಿ ಹುಲ್ಲಿನ ಮೇಲೆ ಬಿತ್ತು. ಹವಾಯಿ ಚಪ್ಪಲಿಯಲ್ಲ, ಟಿ. ನರಸೀಪುರದ ಜಾತ್ರೆ ಅಂಗಡಿಯಲ್ಲಿ ಅಣ್ಣ ಕೊಡಿಸಿದ್ದು, ಕಂದು ಪಟ್ಟಿಯದು. ಅವಳು ಬಗ್ಗಿ ಕೈ ಚಾಚಿದಳು. ಎಟುಕಲಿಲ್ಲ. ಇನ್ನೂ ಬಗ್ಗಿದರೆ ಕಾಲು ನೆಲಕ್ಕೆ ತಾಗುತ್ತದೆ. ನಾನು ಈ ಕಡೆಯಿಂದ ಅವಳ ಸೆರಗು ಹಿಡಿದುಕೊಂಡೆ. ಅವ್ವ ಜೊತೆಗೆ ತಂದಿದ್ದ ತನ್ನ ಛತ್ರಿಯ ಹಿಡಿಯಿಂದ ಎಳೆಯಲು ನೋಡಿದಳು, ಅದು ಇನ್ನೂ ದೂರ ಹೋಯಿತು. ಮೂರು ಜನ ಹೆಂಗಸರು ಒಂದು ಚಪ್ಪಲಿಗಾಗಿ ಕಾರಿನಿಂದ ಅರ್ಧರ್ಧ ಹೊರಗೆ ಜೋತುಬಿದ್ದದ್ದು ಯಾರಾದರೂ ನೋಡಿದ್ದರೆ ನಗುತ್ತಿದ್ದರು.

"ಬುಡತ್ಲಾಗೆ," ಅಂದಳು ಅವ್ವ ಕೊನೆಗೆ, ಏದುಸಿರು ಬಿಡುತ್ತಾ. "ಬಿದ್ರೆ ಬೀಳ್ಲಿ. ಅವುನ್ ದಾರೀಗೆ ಆಯ್ತದೆ."

ಅತ್ತಿಗೆ ತಿರುಗಿ ನೋಡಿದಳು. "ನನ್ ಚಪ್ಲಿ ಅವ್ರ್ ಕಾಲ್ಗೆ ಆಯ್ತದಾ ಅತ್ತೆ?"

"ಬೆಳ್ಳಿಗಾರ ಆಯ್ತದೆ." ಅವ್ವ ಮೂಗು ಒರೆಸಿಕೊಂಡಳು. ಬೆರಳಿಗಾದರೂ ಆಗುತ್ತದೆ ಅಂತ ಅವಳು ನಿಜವಾಗಿ ಲೆಕ್ಕ ಹಾಕಿ ಹೇಳುತ್ತಿದ್ದಳು. "ಒಂದೇ ಬುಟ್ರೆ ಏನ್ ಮಾಡ್ಯಾನು? ಇನ್ನೊಂದ್ನೂ ಆಕು."

ಅತ್ತಿಗೆ ಬಲಗಾಲಿನ ಚಪ್ಪಲಿ ಕೈಯಲ್ಲಿ ತೆಗೆದು, ಎಸೆಯಲಿಲ್ಲ, ಬಗ್ಗಿ ಮೆಲ್ಲಗೆ ಬಿಟ್ಟಳು. ಅದು ಎಡಗಾಲಿನದರ ಹತ್ತಿರಕ್ಕೆ ಹೋಗಲಿಲ್ಲ, ಸ್ವಲ್ಪ ಈಚೆಗೇ ಬಿತ್ತು. ಕಾಡಿನಲ್ಲಿ ಕಸ ಎಸೆದಿರಿ ಅಂತ ನೀವು ಬೈಯುತ್ತೀರಿ. ಬೈಯಿರಿ. ಇಳಿದು ಎತ್ತಿಕೊಳ್ಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ವಾಪಸು ಬರುವಾಗ ಚೆಕ್‌ಪೋಸ್ಟ್ ದಾಟಿದ ಮೇಲೆ ಒಂದು ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಅತ್ತಿಗೆ ಬರಿಗಾಲನ್ನು ನೆಲಕ್ಕೆ ಊರಿ ಕೂತು ನಮಗಿಬ್ಬರಿಗೂ ಮೊಸರನ್ನ ಹಾಕಿಕೊಟ್ಟಳು. ಅವಳು ಉಣ್ಣಲಿಲ್ಲ. ಅವ್ವ ಒಂದು ತುತ್ತು ತೆಗೆದು ಮರದ ಬುಡದಲ್ಲಿಟ್ಟಳು.

ಊರಲ್ಲಿ ಪಕ್ಕದ ಮನೆಯವಳು ಕೇಳಿದಳು, "ಎಲ್ಲಿಗೋಗಿದ್ರಿ ಮೂವರೂವೆ? ಬರಿಗಾಲಲ್ಲಿ ಬತ್ತಾವ್ಳಲ್ಲ ನಿನ್ ಸೊಸೆ?"

"ಬೆಟ್ಟದ್ ಬುಡುಕ್ಕೆ," ಅಂದಳು ಅವ್ವ.

ಸೋಮವಾರ ಕಾರಿನವರು ಬಂದರು. ನಾನು ರಾತ್ರಿ ಅಲ್ಲೇ ಉಳಿದಿದ್ದೆ. ಒಳ್ಳೆಯ ಜನ, ಗಲಾಟೆಯಿಲ್ಲ. ಹೊಸ ಯಜಮಾನ ಕುಳ್ಳ ಮನುಷ್ಯ. ಬಾಗಿಲು ತೆಗೆದು ಕೂತ, ಕಾಲು ಎಟುಕಲಿಲ್ಲ. ಸೀಟಿನ ಅಡಿಗೆ ಕೈ ಹಾಕಿ ಒಂದೇ ಸಲ ಮುಂದಕ್ಕೆ ಎಳೆದ. ಕಟಕ್ ಅಂತ ಸದ್ದಾಯಿತು. ಅತ್ತಿಗೆ ಅಡುಗೆಮನೆಯಲ್ಲಿದ್ದಳು. ಒಳಗೆ ಪಾತ್ರೆಯ ಸದ್ದು ನಿಂತಿತು. ಅವನು ಪಕ್ಕದ ಸೀಟಿನ ಪ್ಲಾಸ್ಟಿಕ್ಕನ್ನು ಉಗುರಿನಿಂದ ಹಿಡಿದು ಪರ್ರನೆ ಕಿತ್ತು, ಮುದ್ದೆ ಮಾಡಿ, "ಇದೆಲ್ಲಿ ಹಾಕ್ಲಿ ಅಕ್ಕ?" ಅಂತ ನನ್ನನ್ನು ಕೇಳಿದ. ನಾನೇ ಇಸಿದುಕೊಂಡೆ.

ಕಾರು ಹೋದ ಮೇಲೆ ಹೊಂಗೆಮರದ ಕೆಳಗೆ ಬೋಳು ಚೌಕ ಉಳಿದಿತ್ತು. ಕೋಳಿ ಬಂದು ಅಲ್ಲೇ ಕೆದಕಿತು. ಅತ್ತಿಗೆ ಈಚೆಗೆ ಬಂದು ಪ್ಲಾಸ್ಟಿಕ್ ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಏನು ಮಾಡಿದಳೋ ಕೇಳಲಿಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅತ್ತಿಗೆ ತನ್ನ ಪಾಡಿಗೆ ತಾನಿದ್ದಾಳೆ. ಹುಲ್ಲಿನ ಮಾತು ಮತ್ತೆ ಎತ್ತಿಲ್ಲ, ಹೊಸ ಚಪ್ಪಲಿ ತಂದುಕೊಟ್ಟರೆ ಹಾಕಿಕೊಂಡಳು. ಆದರೆ ಅವ್ವ ಸರಿಯಿಲ್ಲ. ಆವತ್ತಿನಿಂದ ಊಟ ಕಮ್ಮಿ. ಸಂಜೆ ಜಗಲಿ ಮೇಲೆ, ಅಣ್ಣ ಕೂತಿದ್ದ ಜಾಗದಲ್ಲೇ ಕೂರುತ್ತಾಳೆ. ನಾನು ಹೋದಾಗಲೆಲ್ಲ ಒಂದೇ ಮಾತು.

"ಕಾಲ್ ಊರ್ಲಿಲ್ಲ ಅಲ್ವಾ ಅಮ್ಮಿ ನಾವು?"

"ಊರಲಿಲ್ಲ ಕಣವ್ವ."

"ಚಪ್ಲಿ ಊರ್ತಲ್ಲ."

"ಚಪ್ಪಲಿ ಬೇರೆ, ಕಾಲು ಬೇರೆ ಅವ್ವ."

"ಅವ್ನು ನಡೀತಾವ್ನಾ, ನಿಂತ್ಬುಟ್ನಾ?"

ಊರೂರು ತಿರುಗಿ ಸಾವಿನ ಮೇಲೆ ವ್ಯವಹಾರ ಮಾಡುವವಳು ನಾನು. ಹೋದವರ ಮನೆಯವರ ಮುಂದೆ ಕೂತು ಗಂಟೆಗಟ್ಟಲೆ ಮಾತಾಡಿದ್ದೇನೆ. ಅವ್ವನ ಮುಂದೆ ಬಾಯಿ ಕಟ್ಟುತ್ತದೆ. ನಡೀತಾನೆ ಬಿಡವ್ವ ಅಂದರೆ, "ನಿಂಗೇನ್ ಗೊತ್ತು" ಅನ್ನುತ್ತಾಳೆ. ನಿಜ, ನನಗೇನು ಗೊತ್ತು. ಪುರೋಹಿತರೊಬ್ಬರನ್ನು ಕೇಳಿದೆ. ಅವರು ಒಂದು ಶಾಂತಿ ಮಾಡಿಸಿ ಅಂದರು. ಅವ್ವ ಒಪ್ಪಲಿಲ್ಲ. "ಶಾಂತಿ ಮಾಡ್ಸಿದ್ರೆ ಬೆಟ್ಟ ಅತ್ತಿದ್ದು ನಿಜ ಅಂತ ಆಯ್ತದೆ," ಅಂದಳು.

ಅವಳು ಕೇಳುವುದು ತಮಗೂ ಹೀಗೇ ಆದವರ ಮಾತನ್ನು ಮಾತ್ರ. ನಮ್ಮ ಬೀದಿಯಲ್ಲಿ ಅಂಥವರು ಯಾರೂ ಇಲ್ಲ, ಇದ್ದರೂ ಅವ್ವನ ಹಾಗೆ ಬುಡದವರೆಗೆ ಅಂತಲೇ ಹೇಳುತ್ತಾರೆ. ಅದಕ್ಕೇ ಇಲ್ಲಿ ಬರೆದೆ. ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ, ವರ್ಷ ತುಂಬುವ ಮೊದಲೇ ಗೊತ್ತಿಲ್ಲದೆ ಬೆಟ್ಟ ಹತ್ತಿದ್ದರೆ, ಆಮೇಲೆ ಏನಾಯಿತು ಅಂತ ಕೆಳಗೆ ಬರೆಯಿರಿ. ಕನಸಿಗೆ ಬಂದರಾ, ಬರಲಿಲ್ಲವಾ, ನಿಮ್ಮ ಮನೆಯ ಹಿರಿಯರು ಏನಂದರು, ನಿಮ್ಮ ಊರಲ್ಲಿ ಬೆಟ್ಟ ಎಲ್ಲಿಂದ ಶುರು ಅನ್ನುತ್ತಾರೆ, ಏನಿದ್ದರೂ ಬರೆಯಿರಿ. ಸಮಾಧಾನಕ್ಕೆ ಅಂತ ಸುಳ್ಳು ಮಾತ್ರ ಬರೆಯಬೇಡಿ, ಅವ್ವನಿಗೆ ಗೊತ್ತಾಗುತ್ತದೆ. ಭಾನುವಾರ ಹೋದಾಗ ಒಂದೊಂದನ್ನೇ ಅವಳಿಗೆ ಓದಿ ಹೇಳುತ್ತೇನೆ.